ಓದುಗರ ಪ್ರಶ್ನೆ, ನಮ್ಮ ಉತ್ತರ: ಎಂಟು ಸಾವಿರ ರೂಪಾಯಿಯಲ್ಲಿ ಶಾಲೆಯ ಗ್ರಂಥಾಲಯ

ಪ್ರಶ್ನೆ: ನಾನು ಬ್ರಹ್ಮಾವರ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಗ್ರಂಥಾಲಯದ ಹೊಣೆಯೂ ನನ್ನದೇ. ಹಂಚಿನ ಮಾಡಿನ, ಮುರಕಲ್ಲಿನ ಗೋಡೆಯ ಹಳೆಯ ಕೋಣೆ. ಒಳಗೆ ಐದು ಉಕ್ಕಿನ ಕಪಾಟು, ಎರಡು ಉದ್ದನೆಯ ಮೇಜು, ಸುಮಾರು ಎರಡು ಸಾವಿರ ಪುಸ್ತಕಗಳಿವೆ. ಪುಸ್ತಕ ಕಳೆದುಹೋದರೆ ಯಾರು ಜವಾಬ್ದಾರರು ಎಂದು ಮುಖ್ಯೋಪಾಧ್ಯಾಯರು ಕಪಾಟುಗಳಿಗೆ ಬೀಗ ಹಾಕಿಸಿದ್ದಾರೆ. ಒಂದು ಗೋಡೆಯಲ್ಲಿ ಪ್ರತಿ ಮಳೆಗಾಲವೂ ತೇವ ಏರಿ ಬಣ್ಣ ಉದುರುತ್ತದೆ. ಹಳೆ ವಿದ್ಯಾರ್ಥಿ ಸಂಘದವರು ಕೋಣೆಯನ್ನು ಅಂದಗೊಳಿಸಲೆಂದು 8,000 ರೂಪಾಯಿ ಕೊಟ್ಟಿದ್ದಾರೆ. ನವೆಂಬರ್ 14ಕ್ಕೆ ಆರಂಭವಾಗುವ ಗ್ರಂಥಾಲಯ ಸಪ್ತಾಹದೊಳಗೆ ಕೆಲಸ ಮುಗಿಸಬೇಕೆಂದಿದೆ. ಗೋಡೆ ತುಂಬ ಚಿತ್ರ ಬರೆಸೋಣವೆಂದು ಕೆಲವರು, ಸಾಹಿತಿಗಳ ಭಾವಚಿತ್ರ ಹಾಕಿಸೋಣವೆಂದು ಕೆಲವರು ಹೇಳುತ್ತಿದ್ದಾರೆ. ಎಲ್ಲಿಂದ ಪ್ರಾರಂಭಿಸಲಿ?

ಉತ್ತರ: ಕಪಾಟಿನ ಬೀಗದಿಂದ ಪ್ರಾರಂಭಿಸಿ. ನಿಮ್ಮ ಕೋಣೆಯಲ್ಲಿ ಬಣ್ಣ, ಚಿತ್ರ, ವೈವಿಧ್ಯ ಯಾವುದಕ್ಕೂ ಕೊರತೆಯಿಲ್ಲ; ಅವೆಲ್ಲ ಎರಡು ಸಾವಿರ ರಕ್ಷಾಪುಟಗಳ ರೂಪದಲ್ಲಿ ಉಕ್ಕಿನ ಬಾಗಿಲುಗಳ ಹಿಂದೆ ಕುಳಿತಿವೆ. ಕಪಾಟು ಮುಚ್ಚಿಟ್ಟು ಗೋಡೆಗೆ ಅಲಂಕಾರ ಮಾಡಿದರೆ ಮಕ್ಕಳು ಒಂದು ದಿನ ಗೋಡೆ ನೋಡಿ ಹೋಗುತ್ತಾರೆ, ಮರುದಿನ ಬರುವುದಿಲ್ಲ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕಗಳಿರುವುದು ಬಳಕೆಗೆ ಎಂಬುದು. ಗ್ರಂಥಪಾಲಕರಾಗುವ ಮೊದಲು, 1917ರಲ್ಲಿ, ಅವರು ಗಣಿತದ ಅಧ್ಯಾಪಕರಾಗಿ ಸೇರಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜನ್ನು ಎಂಬುದನ್ನು ಕರಾವಳಿಯ ಶಾಲೆಗಳು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು. ಪುಸ್ತಕ ಕಳೆದುಹೋದರೆ ಯಾರು ಜವಾಬ್ದಾರರು ಎಂಬ ನಿಮ್ಮ ಮುಖ್ಯೋಪಾಧ್ಯಾಯರ ಆತಂಕ ಸುಳ್ಳಲ್ಲ. ಬೆಲೆಬಾಳುವ ನಿಘಂಟು, ವಿಶ್ವಕೋಶದ ಸಂಪುಟಗಳನ್ನು ಒಂದೇ ಕಪಾಟಿನಲ್ಲಿಟ್ಟು ಅದಕ್ಕೆ ಬೀಗ ಹಾಕಿ. ಉಳಿದ ನಾಲ್ಕರ ಬಾಗಿಲುಗಳನ್ನು ಗ್ರಂಥಾಲಯದ ಅವಧಿಯಲ್ಲಾದರೂ ಪೂರ್ತಿ ತೆರೆದಿಡಿ, ಸಾಧ್ಯವಾದರೆ ಕಳಚಿಯೇ ಬಿಡಿ. ಕಳಚಿದ ಬಾಗಿಲುಗಳಿಗೆ ಕರಿಹಲಗೆಯ ಬಣ್ಣ ಬಳಿದರೆ ಈ ವಾರದ ಪುಸ್ತಕದ ಹೆಸರು ಬರೆಯಲು ಹಲಗೆಯೂ ಸಿಕ್ಕಂತಾಯಿತು. ಮಳೆಗಾಲದಲ್ಲಿ ಮುಚ್ಚಿದ ಉಕ್ಕಿನ ಕಪಾಟಿನೊಳಗೆ ಗಾಳಿಯಾಡದೆ ಬೂಸ್ಟು ಹಿಡಿಯುವುದನ್ನು ನೀವೂ ಕಂಡಿರುತ್ತೀರಿ. ಬಾಗಿಲು ತೆರೆದಿಟ್ಟರೆ ಪುಸ್ತಕಗಳ ಆರೋಗ್ಯಕ್ಕೂ ಅನುಕೂಲ. ಕಪಾಟುಗಳನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಅರ್ಧ ಅಡಿಯಷ್ಟು ಮುಂದಕ್ಕೆ ಸರಿಸಿ. ಹಿಂದೆ ಗಾಳಿ ಆಡುತ್ತದೆ, ಗೆದ್ದಲು ಏರಿದರೆ ಕಣ್ಣಿಗೆ ಬೀಳುತ್ತದೆ.

ಎರಡನೆಯದು, ತೇವದ ಗೋಡೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ನೆಲದಲ್ಲಿ ಮುರಕಲ್ಲಿನ ಗೋಡೆ ನೀರು ಹೀರುವುದು ಸಹಜ. ಅದರ ಮೇಲೆ ಅಂಗಡಿಯವರು ಹೊಗಳುವ ಹೊಳಪಿನ ಎಮಲ್ಷನ್ ಬಳಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಮುಂದಿನ ಮಳೆಗಾಲದ ಆಟಿ ತಿಂಗಳೊಳಗೆ ಬಣ್ಣ ಗುಳ್ಳೆಯೆದ್ದು ಹಾಳೆಹಾಳೆಯಾಗಿ ಉದುರುತ್ತದೆ. ಮೊದಲು ಗೋಡೆಯ ಹೊರಬದಿಗೆ ಹೋಗಿ ನೋಡಿ. ಹೆಚ್ಚಿನ ಹಳೆಯ ಶಾಲೆಗಳಲ್ಲಿ ಮಾಡಿನ ಅಂಚಿನಿಂದ ಬೀಳುವ ನೀರು ನೆಲಕ್ಕೆ ಬಡಿದು ಗೋಡೆಯ ಬುಡಕ್ಕೆ ಸಿಡಿಯುತ್ತಿರುತ್ತದೆ, ಇಲ್ಲವೇ ಚರಂಡಿಯಲ್ಲಿ ಮಣ್ಣು ತುಂಬಿ ನೀರು ಅಲ್ಲೇ ನಿಂತಿರುತ್ತದೆ. ಅಂಚಿಗೆ ಮಳೆನೀರು ಹಿಡಿದು ಸಾಗಿಸುವ ಒಂದು ದಂಬೆ ಕಟ್ಟಿಸಿ, ಚರಂಡಿ ಬಿಡಿಸಿದರೆ ರೋಗದ ಅರ್ಧಭಾಗ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಅಂದರೆ ಎಸ್‌ಡಿಎಂಸಿಯವರು, ಒಂದು ಭಾನುವಾರದ ಶ್ರಮದಾನದಲ್ಲಿ ಮಾಡಬಲ್ಲರು; ದಂಬೆಯನ್ನು ಊರಿನ ಯಾರಾದರೂ ಕೊಡಿಸಿಯಾರು. ಒಳಗಡೆ ಬಿಳಿಯಾಗಿ ಉಕ್ಕಿ ಬಂದ ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿದ ಉಪ್ಪು ಮತ್ತೆ ಗೋಡೆಯೊಳಗೇ ಇಳಿಯುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಬಳಿಕ ಸುಣ್ಣ ಹೊಡೆಯಿರಿ. ಸುಣ್ಣ ಅಗ್ಗ, ಗೋಡೆ ಉಸಿರಾಡಲು ಬಿಡುತ್ತದೆ, ಬೂಸ್ಟನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆದರೆ ನವರಾತ್ರಿಗೆ ಮೊದಲು ಬ್ರಶ್ಶು ಹಿಡಿಯಬೇಡಿ. ಅಕ್ಟೋಬರ್ ತಿಂಗಳ ಬಿಸಿಲು ಗೋಡೆಗೆ ಚೆನ್ನಾಗಿ ಬಿದ್ದ ಮೇಲೆ ಕೆಲಸ ಹಿಡಿದರೂ ಸಪ್ತಾಹಕ್ಕೆ ಸಾಕಷ್ಟು ಸಮಯ ಉಳಿಯುತ್ತದೆ.

ಬೆಳಕಿನ ಬಗ್ಗೆ ನೀವು ಬರೆದಿಲ್ಲ, ಆದರೆ ಹಂಚಿನ ಮಾಡಿನ ಕೋಣೆಗಳು ಸಾಮಾನ್ಯವಾಗಿ ಕತ್ತಲೆಯವೇ. ಹೇಗಿದ್ದರೂ ಒಡೆದ ಹಂಚು ಬದಲಾಯಿಸಲು ಮಾಡಿನ ಮೇಲೆ ಹತ್ತಲೇಬೇಕಾದ್ದರಿಂದ ಅದೇ ಹೊತ್ತಿಗೆ ಓದುವ ಮೇಜಿನ ನೇರಕ್ಕೆ ಎರಡು ಮೂರು ಗಾಜಿನ ಹಂಚು ಹಾಕಿಸಿ. ನಾಲ್ಕು ಟ್ಯೂಬ್‌ಲೈಟಿನಿಂದ ಆಗದ ಬದಲಾವಣೆ ಇದರಿಂದ ಆಗುತ್ತದೆ, ಕರೆಂಟು ಹೋದಾಗಲೂ ಕೋಣೆ ಬೆಳಗಿರುತ್ತದೆ. ಕಪಾಟಿನ ನೇರಕ್ಕೆ ಮಾತ್ರ ಹಾಕಿಸಬೇಡಿ, ನೇರ ಬಿಸಿಲಿಗೆ ರಕ್ಷಾಪುಟ ಬೇಗ ಮಾಸುತ್ತದೆ. ಪಡುವಣ ಕಿಟಕಿಗೆ ಹಳೆಯ ನೂಲಿನ ಸೀರೆಯೊಂದನ್ನು ಪರದೆಯಾಗಿ ಹೊಲಿಸಿ. ಯಾರದಾದರೂ ಅಜ್ಜಿಯ ಪೆಟ್ಟಿಗೆಯಲ್ಲಿ ಉಡುಪಿಯ ಕೈಮಗ್ಗದ ಸೀರೆ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಪರದೆ ಅಂಗಡಿಯಲ್ಲಿ ಸಿಗದು. ಮಾಡಿನ ಕೆಲಸಕ್ಕೆ ಗೊತ್ತಿರುವವರನ್ನೇ ಕೂಲಿ ಕೊಟ್ಟು ಕರೆಸಿ, ಮಕ್ಕಳನ್ನು ಹತ್ತಿಸಬೇಡಿ.

ಇನ್ನು ಬಣ್ಣ. ಗೋಡೆಗೆಲ್ಲ ಬಿಳಿ ಸುಣ್ಣವೇ ಇರಲಿ. ಮಕ್ಕಳ ಭುಜ, ಚೀಲ ತಾಗುವ ಎತ್ತರದವರೆಗೆ, ಅಂದರೆ ನೆಲದಿಂದ ನಾಲ್ಕು ಅಡಿ, ಕಾವಿಯ ಕೆಂಪು ಬಳಿಸಿ. ಕೊಂಕಣ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಗೆ ಬೇಕಾದದ್ದು ಕೆಂಪು, ಬಿಳಿ ಎರಡೇ ಬಣ್ಣ. ನಿಜವಾದ ಕಾವಿಯಲ್ಲಿ ಸುಣ್ಣದ ಗಾರೆಯ ಮೇಲೆ ಕೆಂಪು ಲೇಪಿಸಿ, ಅದು ಹಸಿಯಿರುವಾಗಲೇ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಮೂಡಿಸುತ್ತಾರೆ. ಅದು ಪಳಗಿದ ಕೈಗಳ ಕೆಲಸ, ನಮ್ಮ ಬಜೆಟ್ಟಿಗೆ ಬೇಡ. ಆದರೆ ಕೆಂಪು ಪಟ್ಟಿಯ ಮೇಲಂಚಿನಲ್ಲಿ ಆ ಮಾದರಿಯ ಬಳ್ಳಿ, ನವಿಲು, ಸುತ್ತುಹೂವುಗಳನ್ನು ದಪ್ಪ ರಟ್ಟಿನಲ್ಲಿ ಕೊರೆದ ಅಚ್ಚಿನಿಂದ ಒತ್ತುವುದು ಒಂಬತ್ತನೆಯ ತರಗತಿಯವರಿಗೆ ಕಷ್ಟವಲ್ಲ. ರಟ್ಟಿಗೆ ಮೊದಲೇ ಒಂದು ಕೈ ಮೇಣ ತಿಕ್ಕಿದರೆ ಬಣ್ಣ ಹೀರಿ ಮೆತ್ತಗಾಗುವುದಿಲ್ಲ. ಹತ್ತು ಬಣ್ಣಗಳ ಕಾರ್ಟೂನು ಗೋಡೆಗಳನ್ನು ನಾನು ಶಿಶುವಿಹಾರಗಳಿಗೇ ಬಿಟ್ಟುಕೊಡುತ್ತೇನೆ. ಹದಿನೈದರ ಹರೆಯದವರಿಗೆ ತಮ್ಮನ್ನು ಚಿಕ್ಕ ಮಕ್ಕಳಂತೆ ಕಾಣುವ ಕೋಣೆ ಹಿಡಿಸುವುದಿಲ್ಲ, ಅವರು ಬಾಯಿಬಿಟ್ಟು ಹೇಳದಿದ್ದರೂ.

ಈಗ ಮುಖ್ಯವಾದದ್ದಕ್ಕೆ ಬರೋಣ. ಕಪಾಟಿನಲ್ಲಿ ಪುಸ್ತಕದ ಬೆನ್ನು ಮಾತ್ರ ಕಾಣುತ್ತದೆ. ನಮ್ಮ ಎಷ್ಟೋ ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ, ಇದ್ದರೂ ಅದರ ಮೇಲೆ ಶಾಲೆಯ ನಂಬರಿನ ಚೀಟಿ ಅಂಟಿರುತ್ತದೆ. ಮುಖ ಕಾಣುವಂತೆ ಇಟ್ಟ ಪುಸ್ತಕವನ್ನು ಮಕ್ಕಳು ಎತ್ತಿಕೊಳ್ಳುತ್ತಾರೆ. ಇದಕ್ಕೆ ದುಬಾರಿ ಸ್ಟ್ಯಾಂಡುಗಳು ಬೇಡ. ಮಳೆನೀರಿನ ತಗಡಿನ ದಂಬೆಯೇ ಸಾಕು. ತಗಡಿನ ಕೆಲಸದವರ ಬಳಿ ಹೋಗಿ ತಳ ಮೂರು ಇಂಚು, ಹಿಂಬದಿ ನಾಲ್ಕು ಇಂಚು, ಮುಂದಿನ ಅಂಚು ಒಂದೂವರೆ ಇಂಚು ಇರುವಂತೆ ಹತ್ತು ಅಡಿ ಉದ್ದದ ಮೂರು ದಂಬೆಗಳನ್ನು ಬಗ್ಗಿಸಿ ಕೊಡಲು ಹೇಳಿ. ಮುಂದಿನ ಅಂಚನ್ನೂ ಎರಡು ತುದಿಗಳನ್ನೂ ಒಳಕ್ಕೆ ಮಡಚಿಸಲು ಮರೆಯಬೇಡಿ, ಇಲ್ಲದಿದ್ದರೆ ಮಕ್ಕಳ ಬೆರಳು ಕೊಯ್ಯುತ್ತದೆ. ಮುರಕಲ್ಲಿನ ಗೋಡೆಗೆ ನೇರವಾಗಿ ಮೊಳೆ ಹೊಡೆದರೆ ಗಾರೆ ಉದುರಿ ಎಲ್ಲವೂ ಕೆಳಗೆ ಬರುತ್ತದೆ. ಆದ್ದರಿಂದ ಮೊದಲು ಮಾಡಿನಲ್ಲಿ ಉಳಿದ ಮರದ ರೀಪುಗಳನ್ನು ಉದ್ದನೆಯ ಸ್ಕ್ರೂಗಳಿಂದ ಗೋಡೆಗೆ ನಾಲ್ಕಾರು ಕಡೆ ಬಿಗಿದು, ಆ ರೀಪಿಗೆ ದಂಬೆಯನ್ನು ಕೂರಿಸಿ. ತಗಡಿಗೆ ಒಂದು ಕೈ ಪ್ರೈಮರ್, ಮೇಲೆ ಇನಾಮೆಲ್ ಬಳಿಯದಿದ್ದರೆ ನಮ್ಮ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಎತ್ತರ ಎರಡೂವರೆ ಅಡಿಯಿಂದ ಐದಡಿಯೊಳಗೆ ಇರಲಿ. ಸಾಮಾನ್ಯ ಅಳತೆಯ ಕನ್ನಡ ಪುಸ್ತಕದ ಅಗಲ ಐದೂವರೆ ಇಂಚು ಎಂದು ಹಿಡಿದರೆ, ನಡುವೆ ಸ್ವಲ್ಪ ಜಾಗ ಬಿಟ್ಟೂ ಒಂದು ದಂಬೆಯಲ್ಲಿ ಹದಿನೆಂಟು, ಮೂರರಲ್ಲಿ ಐವತ್ತಕ್ಕೂ ಹೆಚ್ಚು ಪುಸ್ತಕಗಳು ಮುಖ ತೋರಿಸಿ ನಿಲ್ಲುತ್ತವೆ. ಯಾರೋ ಒಂದನ್ನು ಎರವಲು ಒಯ್ದರೆ ಆ ಜಾಗಕ್ಕೆ ಕಪಾಟಿನಿಂದ ಇನ್ನೊಂದು ಬರುತ್ತದೆ. ಹೀಗೆ ಗೋಡೆ ವಾರವಾರವೂ ತಾನಾಗಿಯೇ ಹೊಸತಾಗುತ್ತದೆ. ತೇವದ ಗೋಡೆಯನ್ನು ಬಿಟ್ಟು ಒಣಗಿರುವ ಗೋಡೆಯನ್ನು ಇದಕ್ಕೆ ಆರಿಸಿಕೊಳ್ಳಿ ಎಂದು ಹೇಳಬೇಕಾಗಿಲ್ಲ ತಾನೆ.

ಚಿತ್ರ ಬೇಕೇ ಬೇಕು ಎನ್ನುವವರಿಗೆ ಒಂದು ಗೋಡೆ ಬಿಟ್ಟುಕೊಡಿ, ಆದರೆ ಅಲ್ಲಿ ನಮ್ಮ ಕರಾವಳಿಯ ಸಾಹಿತ್ಯದ ನಕ್ಷೆ ಬರೆಸಿ. ಶಿರೂರಿನಿಂದ ಮಂಜೇಶ್ವರದವರೆಗಿನ ಈ ಉದ್ದನೆಯ, ಕಿರಿದಾದ ನೆಲ ಗೋಡೆಯ ಮೇಲೆ ಅಡ್ಡಲಾಗಿ ಚೆನ್ನಾಗಿ ಕೂರುತ್ತದೆ. ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿನಿಂದ ನಕ್ಷೆಯನ್ನು ಗೋಡೆಯ ಮೇಲೆ ಬೀಳಿಸಿ ಸೀಸದಕಡ್ಡಿಯಿಂದ ಗೆರೆ ಎಳೆದುಕೊಂಡರೆ ಚಿತ್ರಕಾರರೂ ಬೇಕಿಲ್ಲ. ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ನೇತ್ರಾವತಿ ನದಿಗಳು ನೀಲಿಯಲ್ಲಿ ಬರಲಿ. ನಿಮ್ಮ ತಾಲೂಕಿನ ಕೋಟದಲ್ಲೇ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ್ದು. ಬಡಗಣಕ್ಕೆ ಮೊಗೇರಿಯಲ್ಲಿ ಗೋಪಾಲಕೃಷ್ಣ ಅಡಿಗರು, ಕುಂದಾಪುರದಲ್ಲಿ ವೈದೇಹಿಯವರು. ತೆಂಕಣಕ್ಕೆ ಬಂಟ್ವಾಳದಲ್ಲಿ ಪಂಜೆ ಮಂಗೇಶರಾಯರು, ಮಂಗಳೂರಿನಲ್ಲಿ ನೆಲೆಸಿ ಬರೆದ ಸಾರಾ ಅಬೂಬಕ್ಕರ್, ಮಂಜೇಶ್ವರದಲ್ಲಿ ಗೋವಿಂದ ಪೈಗಳು. ನಂದಳಿಕೆಯ ಮುದ್ದಣನನ್ನು ಬಿಡಬೇಡಿ: ಅವನು ಉಡುಪಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ಎಂದು ತಿಳಿದರೆ ನಿಮ್ಮ ದೈಹಿಕ ಶಿಕ್ಷಕರೂ ಗ್ರಂಥಾಲಯದ ಕಡೆ ಒಮ್ಮೆ ಬಂದಾರು. ಮಂಗಳೂರಿನ ಬಳಿ ಎರಡು ಇಸವಿಗಳನ್ನು ಬರೆಯಿಸಿ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದು. ಪ್ರತಿ ಊರಿನ ಬಳಿ ಒಂದು ಸಣ್ಣ ಕೊಕ್ಕೆ ಹಾಕಿ, ಆ ಲೇಖಕರ ಯಾವ ಪುಸ್ತಕ ನಿಮ್ಮ ಯಾವ ಕಪಾಟಿನ ಎಷ್ಟನೆಯ ಅಂತಸ್ತಿನಲ್ಲಿದೆ ಎಂದು ಬರೆದ ಚೀಟಿ ತೂಗಹಾಕಿ. ಈ ಚೀಟಿಗಳಿಲ್ಲದಿದ್ದರೆ ಅದು ಸಮಾಜಪಾಠದ ಭೂಪಟವಾಗಿಯೇ ಉಳಿಯುತ್ತದೆ.

ಭಾವಚಿತ್ರಗಳ ಮಾತಿಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದೀತು. ಕನ್ನಡದ ಎಂಟು ಜ್ಞಾನಪೀಠ ಪುರಸ್ಕೃತರ ಚಿತ್ರಗಳನ್ನು ಮಾಡಿನ ಅಡ್ಡದ ಎತ್ತರದಲ್ಲಿ ಸಾಲಾಗಿ ತೂಗಹಾಕಿ, ಅವರ ಒಂದು ಪುಸ್ತಕವನ್ನೂ ಕೈಗೆ ಸಿಗದಂತೆ ಬೀಗದೊಳಗೆ ಇಡುವುದು ನಮ್ಮ ಶಾಲೆಗಳ ರೂಢಿ. ಚಿತ್ರ ಈಗಾಗಲೇ ಇದ್ದರೆ ಕಣ್ಣಿನ ಮಟ್ಟಕ್ಕೆ ಇಳಿಸಿ, ಕೆಳಗೆ ಆಯಾ ಲೇಖಕರ ಪುಸ್ತಕ ಇಡಿ. ಇಲ್ಲದಿದ್ದರೆ ಹೊಸದಾಗಿ ಕೊಳ್ಳಬೇಡಿ. ಗೋಡೆಬರಹಗಳೂ ಹಾಗೆಯೇ: ‘ಮೌನವಾಗಿರಿ’ ಎಂಬ ಹಲಗೆ ಒಂದಿದ್ದರೆ ಸಾಕು.

ಸಣ್ಣಪುಟ್ಟದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲ್ಪೆ ದೂರವೇನಲ್ಲ; ಬಂದರಿನಲ್ಲಿ ಹರಿದ ನೈಲಾನ್ ಬಲೆ ಕೇಳಿದರೆ ಕೊಡುತ್ತಾರೆ. ಸೋಪಿನ ನೀರಿನಲ್ಲಿ ನೆನೆಸಿ, ವಾಸನೆ ಹೋಗುವವರೆಗೆ ಬಿಸಿಲಲ್ಲಿ ಒಣಗಿಸಿ, ರೀಪಿನ ಚೌಕಟ್ಟಿಗೆ ಬಿಗಿದು ಬಟ್ಟೆಯ ಕ್ಲಿಪ್ಪುಗಳಿಂದ ಮಕ್ಕಳು ಬರೆದ ಪುಸ್ತಕ ಪರಿಚಯಗಳನ್ನು ಸಿಕ್ಕಿಸಿ. ಒಂದು ಮೂಲೆಯಲ್ಲಿ ಮೇಜು ತೆಗೆದು ಚಾಪೆ ಹಾಸಿ, ನೆಲದ ಮೇಲೆ ಕಾಲು ಚಾಚಿ ಓದಲು ಬಯಸುವವರು ಬೆಂಚಿನ ಮೇಲೆ ಓದುವವರಿಗಿಂತ ಹೆಚ್ಚಿರುತ್ತಾರೆ. ಬಾಟಲಿಯಲ್ಲಿ ನೀರು ತುಂಬಿ ಮನಿಪ್ಲಾಂಟ್ ಇಡುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಲೇರಿಯಾ, ಡೆಂಗಿ ಎರಡೂ ಬಲ್ಲ ಜಿಲ್ಲೆಗಳು ನಮ್ಮವು, ಸೊಳ್ಳೆಗೆ ಅಷ್ಟು ನೀರು ಸಾಕು. ಮೇಲಾಗಿ ಪುಸ್ತಕದ ಪಕ್ಕದಲ್ಲಿ ತೇವವನ್ನು ನಾವೇ ಏಕೆ ತಂದಿಡಬೇಕು?

ಹಣವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಸುಣ್ಣ, ಕಾವಿ ಬಣ್ಣ, ಕಪಾಟಿನ ತುಕ್ಕು ಉಜ್ಜುವ ಕಾಗದ ಮತ್ತು ಇನಾಮೆಲಿಗೆ 2,000, ಹಂಚು ಮತ್ತು ಅದರ ಕೂಲಿಗೆ 1,000, ಮೂರು ದಂಬೆ, ಸ್ಕ್ರೂಗಳಿಗೆ 2,000, ನಕ್ಷೆಯ ಬಣ್ಣಕ್ಕೆ 700, ಚಾಪೆ, ಪರದೆಯ ಹೊಲಿಗೆಗೆ 800. ನಿಮ್ಮೂರಿನ ದರ ನೋಡಿ ಇದನ್ನು ಹಿಂದುಮುಂದು ಮಾಡಿಕೊಳ್ಳಿ. ಉಳಿಯುವ 1,500ನ್ನು ಸಪ್ತಾಹದ ಹೊತ್ತಿಗೆ ಖರ್ಚು ಮಾಡಬೇಡಿರೆಂದು ಒತ್ತಿ ಹೇಳುತ್ತೇನೆ. ಜನವರಿಯಲ್ಲಿ ಕ್ಲಿಪ್ಪು ಮುರಿದಾಗ, ಚೀಟಿ ಹರಿದಾಗ ಬೇಕಾಗುವ ಹಣ ಅದು. ಉದ್ಘಾಟನೆಯ ದಿನ ಮಿನುಗಿ ಮಾರ್ಚಿನಲ್ಲಿ ಜೋಲುಬಿದ್ದ ಅಲಂಕಾರಗಳಿಗೆಲ್ಲ ಈ ಕೊನೆಯ ಹಣ ಇಲ್ಲದಿರುವುದೇ ಕಾರಣ.

ಪ್ರಶ್ನೆ: ಮಂಗಳೂರಿನ ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಗ್ರಂಥಾಲಯಕ್ಕೆ ಪ್ರತ್ಯೇಕ ಕೋಣೆಯೇ ಇಲ್ಲ. ಪುಸ್ತಕಗಳು ಅಧ್ಯಾಪಕರ ಕೊಠಡಿಯ ಎರಡು ಕಪಾಟುಗಳಲ್ಲಿವೆ. ಇಲ್ಲಿ ಅಲಂಕರಿಸುವುದೇನನ್ನು?

ಉತ್ತರ: ಜಗಲಿಯನ್ನು. ಅಧ್ಯಾಪಕರ ಕೊಠಡಿಯೊಳಗೆ ಬರಲು ಮಕ್ಕಳು ಹಿಂಜರಿಯುತ್ತಾರೆ, ಅದನ್ನು ಎಷ್ಟು ಅಂದಗೊಳಿಸಿದರೂ ವ್ಯರ್ಥ. ಕೊಠಡಿಯ ಹೊರಗೋಡೆಗೆ, ಮಳೆಯ ಎರಚಲು ತಲುಪದ ಕಡೆ, ಮೇಲೆ ಹೇಳಿದ ದಂಬೆ ಒಂದನ್ನು ಹಾಕಿಸಿ. ಬೆಳಿಗ್ಗೆ ಮೊದಲ ಗಂಟೆಗೆ ಹದಿನೈದು ಹದಿನಾರು ಪುಸ್ತಕ ಇಟ್ಟು ಸಂಜೆ ಒಳಗೆ ತೆಗೆದಿಡುವ ಕೆಲಸವನ್ನು ಸರದಿಯ ಮೇಲೆ ಇಬ್ಬರು ವಿದ್ಯಾರ್ಥಿಗಳಿಗೆ ವಹಿಸಿ. ಗುಜರಿ ಅಂಗಡಿಯಲ್ಲಿ ಸಿಗುವ ಹಳೆಯ ಬೆಂಚೊಂದನ್ನು ದುರಸ್ತಿ ಮಾಡಿಸಿ ಅದರ ಕೆಳಗೆ ಹಾಕಿ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಈ ಏರ್ಪಾಡನ್ನು ಒಂದು ತರಗತಿಯೊಳಗೆ ಸಾಗಿಸಬೇಕಾಗುತ್ತದೆ.

ಪ್ರಶ್ನೆ: ನಾನು ಸುರತ್ಕಲ್ ಕಡೆಯ ಶಾಲೆಯೊಂದರ ಎಸ್‌ಡಿಎಂಸಿ ಸದಸ್ಯ. ದಾನಿಗಳೊಬ್ಬರು ಗ್ರಂಥಾಲಯದ ಗೋಡೆಯುದ್ದಕ್ಕೂ ಫ್ಲೆಕ್ಸ್ ಹಾಕಿಸಿ, ಥರ್ಮೋಕೋಲಿನಲ್ಲಿ ಸರಸ್ವತಿಯ ಮಂಟಪ ಮಾಡಿಸಿಕೊಡುತ್ತೇನೆ ಎಂದಿದ್ದಾರೆ. ಬೇಡವೆಂದರೆ ಬೇಸರಿಸಿಕೊಳ್ಳುತ್ತಾರೆ. ಏನು ಹೇಳಲಿ?

ಉತ್ತರ: ಕಾನೂನಿನ ಮಾತನ್ನೇ ಹೇಳಿ, ಆಗ ಅದು ನಿಮ್ಮ ನಿರಾಕರಣೆ ಎನಿಸುವುದಿಲ್ಲ. 2022ರ ಜುಲೈ 1ರಿಂದ ದೇಶದಾದ್ಯಂತ ಅಲಂಕಾರದ ಥರ್ಮೋಕೋಲನ್ನೂ 100 ಮೈಕ್ರಾನಿಗಿಂತ ತೆಳ್ಳಗಿನ ಪಿವಿಸಿ (ಫ್ಲೆಕ್ಸಿನ ಪ್ಲಾಸ್ಟಿಕ್) ಬ್ಯಾನರುಗಳನ್ನೂ ನಿಷೇಧಿಸಲಾಗಿದೆ. ಪರಿಸರದ ಪಾಠ ಹೇಳುವ ಶಾಲೆಯಲ್ಲಿ ಅವು ಇರಬಾರದು ಎಂದು ವಿನಯದಿಂದ ವಿವರಿಸಿ, ಅದೇ ಹಣದಲ್ಲಿ ಒಂದು ತೆರೆದ ಮರದ ಕಪಾಟು ಮಾಡಿಸಿಕೊಡಲು ಕೇಳಿ. ದಾನಿಗಳ ಹೆಸರನ್ನು ಕಪಾಟಿನ ಮೇಲಂಚಿನಲ್ಲಿ ಕೈಬರಹದಲ್ಲಿ ಬರೆಸಬಹುದು. ಫ್ಲೆಕ್ಸಿನ ಬಣ್ಣ ಮಾಸಿದ ಎಷ್ಟೋ ವರ್ಷಗಳ ಮೇಲೂ ಅದು ಉಳಿಯುತ್ತದೆ ಎಂಬುದು ಅವರಿಗೂ ಒಪ್ಪಿಗೆಯಾದೀತು. ಸರಸ್ವತಿಯ ಮಂಟಪ ಶಾರದಾ ಪೂಜೆಗೆ ಬೇಕೇ ಬೇಕಾದರೆ ಅಡಿಕೆಯ ಹಾಳೆ, ತೆಂಗಿನ ಮಡಲುಗಳಿಂದ ಕಟ್ಟುವವರು ನಿಮ್ಮ ಊರಿನಲ್ಲೇ ಇದ್ದಾರೆ.

ಪ್ರಶ್ನೆ: ನಾನು ಉಡುಪಿಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಗ್ರಂಥಾಲಯದಲ್ಲಿ ನಾನು ಮತ್ತು ಗೆಳತಿಯರು ಬಿಡಿಸಿದ ಚಿತ್ರ ಹಾಕುತ್ತೇವೆ ಎಂದರೆ, ಅಂಟು ಹಚ್ಚಿದರೆ ಗೋಡೆ ಹಾಳಾಗುತ್ತದೆ ಎಂದು ಟೀಚರ್ ಬೇಡವೆನ್ನುತ್ತಾರೆ.

ಉತ್ತರ: ಟೀಚರ್ ಹೇಳುವುದು ಸರಿ. ಸೆಲ್ಲೋಟೇಪು ಕಿತ್ತರೆ ಸುಣ್ಣವೂ ಜೊತೆಗೆ ಬರುತ್ತದೆ. ಗೋಡೆಯ ಬದಲು ಗೋಣಿಚೀಲದ ಬಟ್ಟೆಯನ್ನು ತೊಳೆದು ಇಸ್ತ್ರಿ ಮಾಡಿ, ದಪ್ಪ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಎರಡು ಪದರ ಮಾಡಿ ಅದರ ಮೇಲೆ ಬಿಗಿಯಾಗಿ ಎಳೆದು ಹಿಂಬದಿಗೆ ಹೊಲಿಯಿರಿ. ಗುಂಡುಪಿನ್ನು ಚೆನ್ನಾಗಿ ನಿಲ್ಲುವ ಫಲಕ ಖರ್ಚಿಲ್ಲದೆ ಸಿದ್ಧವಾಗುತ್ತದೆ, ಇದ್ದ ಒಂದೇ ಮೊಳೆಗೆ ತೂಗಹಾಕಬಹುದು. ಒಂದು ಶರತ್ತು ನಿಮಗೆ ನೀವೇ ಹಾಕಿಕೊಳ್ಳಿ: ಬಿಡಿಸುವ ಪ್ರತಿ ಚಿತ್ರವೂ ಆ ಗ್ರಂಥಾಲಯದಲ್ಲಿ ನೀವು ಓದಿದ ಯಾವುದಾದರೂ ಪುಸ್ತಕದ್ದಾಗಿರಲಿ, ಕೆಳಗೆ ಅದರ ಹೆಸರು ಮತ್ತು ನಂಬರು ಇರಲಿ. ಹಾಗೆಂದು ಹೇಳಿ ಕೇಳಿದರೆ ಟೀಚರ್ ಮೊಳೆಯನ್ನು ತಾವೇ ಹೊಡೆಸಿಕೊಟ್ಟಾರು.